ರಸ ಬಿಟ್ಟವಳ ಕೊರಳು

ಮಜ್ಜಿಗೆಯ ತಿಳಿಯಂತೆ ಅಲ್ಲ, ಅಕ್ಕಿ ತೊಳೆದ ನೀರಿನಂತೆಯೂ ಅಲ್ಲ, ಹಾಲೇ ಅದು, ಈಗಷ್ಟೇ ಕರೆದ ಎಮ್ಮೆಯ ಹಾಲು ಇರುತ್ತದಲ್ಲ ಹಾಗೆ ದಪ್ಪಗೆ, ನಳಿಗೆಯ ಬಾಗಿನಲ್ಲಿ ಒಂದು ಗಳಿಗೆ ನಿಂತು ಮತ್ತೆ ಕೆಳಗೆ ಜಾರುತ್ತದೆ— ಕಿಟಕಿಯ ಬೆಳಕು ಬಿದ್ದು ಹಾಗೆ ಕಾಣುತ್ತಿರಬಹುದು ಎಂದು ತ್ರಿಶಲಾ ಕಣ್ಣು ಕಿರಿದು ಮಾಡಿ ನೋಡಿದಳು, ಬೆಳಕಿನದೇನೂ ತಪ್ಪಿಲ್ಲ, ಮೊನ್ನೆ ತಿಳಿಯಾಗಿ ಬರುತ್ತಿದ್ದದ್ದು ಇವತ್ತು ಮತ್ತೆ ಬೆಳ್ಳಗಾಗಿದೆ, ತನ್ನಷ್ಟಕ್ಕೆ ತಾನೇ ನೀರು ಹಾಲಾಗುವುದು ಎಲ್ಲಿಯಾದರೂ ಇದೆಯೇ, ಯಾರೋ ಏನೋ ಮಾಡಿದ್ದಾರೆ. ಎಡಗೊರಳಿನ ಬುಡದಲ್ಲಿ ಹೊಲಿಗೆಯ ಕೆಳಗೊಂದು ತೂತು, ತೂತಿನಿಂದ ಹೊರಬಂದ ನಳಿಗೆ, ಅದರ ತುದಿಗೆ ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಮೆತ್ತನೆಯ ಬುಡ್ಡಿ, ಬುಡ್ಡಿಯನ್ನು ಅಂಗಿಗೆ ಪಿನ್ನು ಹಾಕಿ ಸಿಗಿಸಿದ್ದಾರೆ, ಎದ್ದರೂ ಅದರ ಜೊತೆ ಏಳಬೇಕು, ಮಲಗಿದರೂ ಅದರ ಜೊತೆ— ಮಲಗುವುದೆಂದರೂ ಮಲಗುವುದಲ್ಲ, ಬೆನ್ನಿಗೆ ದಿಂಬಿನ ಮೇಲೆ ದಿಂಬು ಒಟ್ಟಿ ತಲೆ ಎತ್ತರಿಸಿ ಕೂರಿಸಿದ್ದಾರೆ, ಕೆಮ್ಮಬಾರದು, ತಿಣುಕಬಾರದು, ಕೊರಳಿಗೆ ಬಿಗಿದ ಪಟ್ಟಿಯಿಂದ ಉಗುಳು ನುಂಗಿದರೂ ಸಿಕ್ಕಿಕೊಂಡ ಹಾಗೆ. ಗಂಟಲಲ್ಲಿ ಗಂಟು, ಕೆಟ್ಟ ಗಂಟು ಎಂದರು, ತೆಗೆಯಬೇಕು ಎಂದರು, ತೆಗೆದರು, ಎಡಮಗ್ಗುಲಿನ ಮರಿಗಂಟುಗಳನ್ನೂ ತೆಗೆದರು, ಅಲ್ಲಿಗೆ ಮುಗಿಯಬೇಕಿತ್ತು. ಮೊದಲು ಕೆಂಪು ಬಂತು, ಅದು ರಕ್ತ, ಗೊತ್ತಿದ್ದದ್ದೇ, ಆಮೇಲೆ ಎಳೆ ಹಳದಿ, ಇನ್ನೇನು ನಳಿಗೆ ಕಿತ್ತು ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ನಕ್ಕರು, ಅವತ್ತು ಮಧ್ಯಾಹ್ನ ಅನಗೋಳದ ಮನೆಯಿಂದ ಸೊಸೆ ಸ್ನೇಹಲ ಮೆತ್ತನ್ನ ಅನ್ನಕ್ಕೆ ತುಪ್ಪ ಕಲೆಸಿ ತಂದಳು, ಉಂಡಳು, ಸಂಜೆಗೆ ಇದು, ಈ ಹಾಲು. ಅರವತ್ತು ದಾಟಿದವಳ ಕೊರಳಿನಿಂದ ಹಾಲು ಬರುತ್ತದೆಂದರೆ ಖಾನಾಪುರದಲ್ಲಿ ಜನ ನೋಡಲು ಸಾಲು ಹಚ್ಚಿಯಾರು. ನರ್ಸ್ ಪ್ರಮಿಳಾ ಬಂದು ಬುಡ್ಡಿಯ ಬಾಯಿ ಬಿಚ್ಚಿ ಗೆರೆ ಹಾಕಿದ ಲೋಟಕ್ಕೆ ಸುರಿದುಕೊಂಡಳು, ಲೋಟ ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿದಳು, ಹುಬ್ಬು ಏರಿಸಿದಳು, ಲೋಟ ಹಿಡಿದುಕೊಂಡೇ ಪರದೆಯ ಆಚೆ ಹೋದಳು— ಯಾಕೆ ಹೋಗಬೇಕು ಆಚೆ, ಇಲ್ಲೇ ನೋಡಿದರೆ ಏನಾಗುತ್ತಿತ್ತು, ಆಚೆ ಹೋಗಿ ಇನ್ನೇನು ಕಲೆಸುತ್ತಾಳೋ, ತಿಳಿಯಾಗಿದ್ದದ್ದನ್ನು ಬೆಳ್ಳಗೆ ಮಾಡಿ ತೋರಿಸುವುದು ಇವರಿಗೆ ಎಷ್ಟು ಹೊತ್ತಿನ ಕೆಲಸ. ಆದರೆ ನಳಿಗೆಯಲ್ಲಿರುವುದು? ಅದನ್ನು ಪ್ರಮಿಳಾ ಮುಟ್ಟಿಲ್ಲ. ಬಾಗಿನಲ್ಲಿ ಮತ್ತೊಂದು ಬಿಳಿ ಹನಿ ಬಂದು ನಿಂತಿದೆ.

ಬೆರಳ ತುದಿಗಳು ಜುಮುಜುಮು ಎನ್ನುತ್ತವೆ, ರಕ್ತದಲ್ಲಿ ಸುಣ್ಣದಂಶ ಕಡಿಮೆಯಾಗಿದೆ ಎಂದು ಗುಳಿಗೆ ಕೊಟ್ಟಿದ್ದಾರೆ, ದನಿ ಹರಿದ ಜರಡಿಯ ಹಾಗೆ, ಮಾತಾಡಿದರೆ ಅರ್ಧ ಗಾಳಿಯೇ ಬರುತ್ತದೆ, ಆದ್ದರಿಂದ ಈಗ ಎಲ್ಲರೂ ಅವಳ ತಲೆಯ ಮೇಲಿಂದ ತಂತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಮಾತಾಡಲಾರದವಳಿಗೆ ಕಿವಿಯೂ ಇಲ್ಲ ಎಂದುಕೊಂಡಿದ್ದಾರೆ. ಗುರುಸಿದ್ದ ಡಾಕ್ಟರು ಬೆಳಗಿನ ರೌಂಡಿಗೆ ಬಂದರು, ಮೆತ್ತಗೆ ಮಾತಾಡುವ ಮನುಷ್ಯ, ಮೆತ್ತಗೆ ಮಾತಾಡುವವರ ಬಗ್ಗೆ ತ್ರಿಶಲಾಗೆ ಮೊದಲಿನಿಂದಲೂ ಗುಮಾನಿ, ಅಂಗಡಿಗೆ ಕೆಟ್ಟ ಸರಕು ತರುತ್ತಿದ್ದವರೆಲ್ಲ ಮೆತ್ತಗೇ ಮಾತಾಡುತ್ತಿದ್ದರು. ಮೊದಲ ಸಲ ಬೆಳ್ಳಗೆ ಬಂದಾಗ ಮಂಚದ ಅಂಚಿಗೆ ಕೂತು ವಿವರಿಸಿದ್ದರು, ನೀವು ಉಂಡ ಕೊಬ್ಬು ಸೀದಾ ರಕ್ತಕ್ಕ ಹೋಗೂದಿಲ್ಲಮ್ಮ, ಹೊಟ್ಟ್ಯಾಗಿಂದ ಒಂದು ಸಣ್ಣ ನಾಳ ಅದನ್ನ ಹೊತಗೊಂಡು, ಎದಿ ಹಿಂದ ಹಾದು, ಎಡಗೊರಳಿಗೆ ಬಂದು ಅಲ್ಲೆ ರಕ್ತಕ್ಕ ಸೇರಸತೈತಿ, ದಾರಕ್ಕಿಂತ ತೆಳ್ಳಗಿರತೈತಿ, ಗಂಟು ಬಿಡಸುವಾಗ ಅದಕ್ಕ ಸೀಳು ಬಿದ್ದೈತಿ, ಹಿಂಗ ಒಮ್ಮೊಮ್ಮೆ ಆಗತೈತಿ. ಒಮ್ಮೊಮ್ಮೆ ಆಗುವುದು ತನ್ನ ಪಾಲಿಗೇ ಯಾಕೆ ಬರಬೇಕು, ಕತ್ತರಿ ಹಿಡಿದ ಕೈ ಯಾರದು, ಇವರದೋ, ಇವರ ಕೈಕೆಳಗೆ ಕಲಿಯುವವರದೋ— ಕೇಳಬೇಕೆಂದಿದ್ದಳು, ದನಿ ಇರಲಿಲ್ಲ. ಕೊಬ್ಬು ಬಿಟ್ಟರೆ ಹರಿವು ಇಳಿಯುತ್ತದೆ, ಹರಿವು ಇಳಿದರೆ ಸೀಳು ತಾನೇ ಕೂಡಿಕೊಳ್ಳುತ್ತದೆ ಎಂದರು, ಚರ್ಮದ ಕೆಳಗೆ ಚುಚ್ಚುವ ಸೂಜಿ ಬರೆದರು, ಕೊಬ್ಬಿನ ಬದಲಿಗೆ ಒಂದು ಪುಡಿ, ಅದು ಆ ನಾಳದ ಹಾದಿ ಹಿಡಿಯದೆ ನೇರ ರಕ್ತಕ್ಕೆ ಹೋಗುತ್ತದಂತೆ, ಹೋಗಲಿ, ಕುಡಿದಳು. ಇವತ್ತು ಮಾತ್ರ ಡಾಕ್ಟರು ಕೂರಲಿಲ್ಲ, ನಿಂತೇ ಇದ್ದರು, ನಳಿಗೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. ಎಲ್ಲಾ ಬಿಟ್ಟರೂ ಇಷ್ಟು ಬರಾಕತ್ತೈತಿ ಅಂದ್ರ ಸೀಳು ದೊಡ್ಡದೈತಿ, ಮೈಯಾಗಿನ ಸತ್ವ ಎಲ್ಲಾ ಇದರಾಗ ಹೊಂಟೈತಿ, ಇನ್ನ ಕಾಯೂದು ಛಲೋ ಅಲ್ಲ, ನಾಳಿ ಮುಂಜಾನೆ ಕೊರಳು ಮತ್ತ ತೆರೆದು ಆ ನಾಳ ಕಟ್ಟಿಬಿಡೂಣು. ಮತ್ತೆ ತೆರೆಯುವುದು, ಒಣಗುತ್ತಿರುವ ಹೊಲಿಗೆಯನ್ನು ಬಿಚ್ಚಿ, ಮತ್ತೆ ಆ ಬೆಳಕಿನ ಕೆಳಗೆ, ಮತ್ತೆ ಆ ಮುಖಕ್ಕೆ ಮುಚ್ಚುವ ಮುಚ್ಚಳ, ಮೊದಲ ಸಲವೇ ದನಿ ಕಸಿದವರು ಎರಡನೆಯ ಸಲ ಇನ್ನೇನು ಕಸಿದಾರು. ತಿನ್ನೂದ್ರಾಗ ಏನರ ಹೆಚ್ಚುಕಡಿಮಿ ಆಗಿದ್ರ ಮಾತು ಬ್ಯಾರೆ, ಡಾಕ್ಟರು ಹೇಳುತ್ತಲೇ ಇದ್ದರು, ಹಂಗಿದ್ರ ಅದನ್ನ ನಿಲ್ಲಿಸಿ ಇನ್ನೂ ಸ್ವಲ್ಪ ದಿವಸ ಕಾದು ನೋಡಬಹುದು, ಖರೇ ಹೇಳ್ರಿ ಅಮ್ಮ, ತುಪ್ಪ, ಎಣ್ಣಿ, ಏನರ ಬಾಯಿಗೆ ಹೋಗೈತೇನು. ಅವಳು ತಲೆ ಅಲ್ಲಾಡಿಸಲಾರದೆ ಕೈ ಅಲ್ಲಾಡಿಸಿದಳು. ಪಾರ್ಶ್ವನಾಥ ಸ್ವಾಮಿಯ ಫೋಟೋದ ಮುಂದ ನಿಯಮ ತಗೊಂಡೀನ್ರಿ, ಗಾಳಿಯಂಥ ದನಿಯಲ್ಲಿ ಹೇಳಿದಳು, ಹಾಲು, ಮೊಸರು, ತುಪ್ಪ, ಎಣ್ಣಿ, ನಾಕೂ ರಸ ಬಿಟ್ಟೀನಿ, ಒಂದು ಹನಿ ಮುಟ್ಟಿಲ್ಲ. ಡಾಕ್ಟರು ಸ್ನೇಹಲಳ ಕಡೆ ತಿರುಗಿದರು. ನಾ ಹಾಕಿಲ್ರಿ ಡಾಕ್ಟರ, ಎಂದಳು ಅವಳು, ನೆಲ ನೋಡುತ್ತ— ಯಾಕೆ ನೆಲ ನೋಡಬೇಕು, ಹಾಕದವಳು ಮುಖ ನೋಡಿ ಹೇಳಬಾರದೇ.

ಸಂಶಯ ಎಂಬುದು ಸುಮ್ಮನೆ ಹುಟ್ಟುವುದಿಲ್ಲ, ಅದಕ್ಕೂ ಒಂದು ಅಭ್ಯಾಸ ಬೇಕು, ಖಾನಾಪುರದ ಕಿರಾಣಿ ಅಂಗಡಿಯಲ್ಲಿ ಗಂಡನ ಪಕ್ಕ ನಿಂತು ಅವಳು ಆ ಅಭ್ಯಾಸವನ್ನು ಮೈಗೆ ಹಚ್ಚಿಕೊಂಡವಳು, ಜಾಂಬೋಟಿ ಕಡೆಯ ಕಾಡಿನಿಂದ ಗೌಳಿಗರು ತುಪ್ಪದ ಗಡಿಗೆ ಹೊತ್ತು ತರುತ್ತಿದ್ದರು, ಗಂಡಸರು ಮೂಗಿನಿಂದ ನೋಡಿ ಇರಲಿ ತಗೋ ಎಂದರೆ ಇವಳು ಅಂಗೈ ಹಿಂಭಾಗಕ್ಕೆ ಒಂದಿಷ್ಟು ತಿಕ್ಕಿ ಕಣ್ಣು ಮುಚ್ಚುವಳು, ಡಾಲ್ಡಾ ಆದರೆ ಮೇಣದಂತೆ ನಿಲ್ಲುತ್ತದೆ, ಖರೇ ತುಪ್ಪ ಮೈಯೊಳಗೆ ಹೋಗುತ್ತದೆ, ಒಮ್ಮೆ ಒಬ್ಬ ಮೆತ್ತನೆಯ ಮಾತಿನವನ ಗಡಿಗೆಯಲ್ಲಿ ಬೇಯಿಸಿದ ಬಟಾಟೆ ಅರೆದು ಬೆರೆಸಿದ್ದನ್ನು ಬೆರಳಿನಲ್ಲೇ ಹಿಡಿದಿದ್ದಳು, ನೆಲದೊಳಗಿನ ಗಡ್ಡೆ, ಗಡ್ಡೆಗೆಣಸು ಮುಟ್ಟದ ಜೈನ ಶ್ರಾವಕರ ಮನೆಗೆ ಹೋಗುವ ತುಪ್ಪದಲ್ಲಿ, ಅವನು ಓಡಿಹೋಗುವಾಗ ಬಿಟ್ಟ ಚಪ್ಪಲಿ ಎಷ್ಟೋ ದಿನ ಅಂಗಡಿಯ ಮುಂದೆ ಬಿದ್ದಿತ್ತು, ಮಾವ ಬಂದವರಿಗೆಲ್ಲ ತೋರಿಸಿ ನಮ್ಮ ತ್ರಿಶಲಾನ ಬೆರಳಾಗ ಕಣ್ಣದಾವು ಎನ್ನುತ್ತಿದ್ದರು. ಆ ಬೆರಳುಗಳು ಈಗ ಜುಮುಗುಟ್ಟುತ್ತಿವೆ, ಕಣ್ಣು ಇನ್ನೂ ಇವೆ. ಅವಳು ಲೆಕ್ಕ ಹಾಕಿದ್ದಾಳೆ, ದಿನಗಳನ್ನಲ್ಲ, ಬಣ್ಣವನ್ನು. ನಾದಿನಿ ಕಾಂತಾ ಖಾನಾಪುರದಿಂದ ಊಟ ಕಟ್ಟಿಕೊಂಡು ಬಂದ ದಿನ ಬಿಳುಪು ಒಡೆದು ತಿಳಿಯಾಗುತ್ತದೆ, ಸ್ನೇಹಲ ಊಟ ತಂದ ದಿನ ದಪ್ಪ ಹಾಲು, ಒಂದು ಸಲ ಆದರೆ ಅದು ಗ್ರಹಚಾರ, ಸಲಸಲವೂ ಹಾಗೇ ಆದರೆ? ಕಾಂತಾ ಆಮಸೂಲ, ಪುನರ್ಪುಳಿಯ ಒಣ ಸಿಪ್ಪೆ, ಹಾಕಿದ ಸಾರು ತರುತ್ತಾಳೆ, ಎಣ್ಣೆ ಇಲ್ಲದಿದ್ದರೂ ಹುಳಿಯ ಬಲದಲ್ಲಿ ನಾಲಿಗೆ ಚಪ್ಪರಿಸುವ ಹಾಗಿರುತ್ತದೆ, ಬಟ್ಟಲೆತ್ತಿ ಕುಡಿಯುತ್ತಾಳೆ, ಬೇರೇನೂ ಬೇಕಾಗುವುದಿಲ್ಲ, ಸ್ನೇಹಲಳದು ಒಣ ರೊಟ್ಟಿ, ಬೇಯಿಸಿದ ಬೇಳೆ, ಸಪ್ಪೆ ಪಲ್ಲೆ, ಗೋಡೆಗೆ ಬಳಿಯುವ ಹಾಗೆ, ಕಪಾಟಿನಲ್ಲಿ ಕಾಂತಾ ಇಟ್ಟುಹೋದ ಶೇಂಗಾ ಚಟ್ನಿ ಪುಡಿ ಇಲ್ಲದಿದ್ದರೆ ತುತ್ತು ಗಂಟಲ ಕೆಳಗೆ ಇಳಿಯುವುದೇ ಇಲ್ಲ, ಅಷ್ಟು ಸಪ್ಪೆ ಮಾಡುವವಳು ಒಳಗೆ ತುಪ್ಪ ಯಾಕೆ ಹಾಕಿಯಾಳು ಎಂದು ಒಂದು ಮನಸ್ಸು, ಅಡಗಿಸಲೆಂದೇ ಸಪ್ಪೆ ಮಾಡುತ್ತಾಳೆ ಎಂದು ಇನ್ನೊಂದು. ಮತ್ತೆ ಆ ಹೊಸ ಡಬ್ಬಿ. ಮನೆಯಲ್ಲಿ ಬೇಕಾದಷ್ಟು ಡಬ್ಬಿಗಳಿವೆ, ಇದಕ್ಕೆ ಮಾತ್ರ ಹೊಸ ಸ್ಟೀಲ್ ಡಬ್ಬಿ ಕೊಂಡು ತಂದಿದ್ದಾಳೆ, ಯಾಕೆ? ಮೊನ್ನೆ ಪರದೆಯ ಸಂದಿನಿಂದ ನೋಡಿದಳು, ವರಾಂಡದ ಬೆಂಚಿನಲ್ಲಿ ಕೂತು ಸ್ನೇಹಲ ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದಿದ್ದಳು, ಒಳಗೆ ಬೆರಳು ಆಡಿಸಿ ಬೆರಳನ್ನು ಮೂಸಿದಳು, ಆಮೇಲೆ ಆ ಕಡೆ ಈ ಕಡೆ ನೋಡಿ ಮುಚ್ಚಿದಳು. ಮಾಡಿದ ಅಡಿಗೆಯನ್ನು ತಾನೇ ಮೂಸಿ ನೋಡುವವಳು ಯಾರು, ವಾಸನೆ ಹೊರಗೆ ಬಂದೀತೆಂಬ ಅಂಜಿಕೆ ಇದ್ದವಳು. ನಳಿಗೆಯ ಬಾಗಿನಲ್ಲಿ ಬಿಳಿ ಹನಿ ನಿಂತಿತು, ಉಬ್ಬಿತು, ಜಾರಿತು.

ಮಧ್ಯಾಹ್ನ ಮಗ ಅನೇಕಾಂತ ಬಂದ, ಕ್ಯಾಂಪ್ ಬಡಾವಣೆಯ ಕಚೇರಿಯಿಂದ ಊಟದ ಬಿಡುವಿನಲ್ಲಿ, ಹೆಲ್ಮೆಟ್ ಕೈಯಲ್ಲೇ ಇದೆ, ಹಣೆಯ ಮೇಲೆ ಅದರ ಗೆರೆ. ನಾಳೆಯ ವಿಷಯ ಡಾಕ್ಟರು ಫೋನಿನಲ್ಲಿ ಹೇಳಿದ್ದಾರಂತೆ, ಅಂಜಬ್ಯಾಡವ್ವ, ಎಂದ, ಅಂಜಿದ್ದು ಅವನೇ. ಸ್ನೇಹಲ ನೀರು ತರಲು ಹೋದ ಗಳಿಗೆ ನೋಡಿ ತ್ರಿಶಲಾ ಅವನ ತೋಳು ಹಿಡಿದು ಹತ್ತಿರ ಎಳೆದು ಹೇಳಿದಳು— ಹೇಳಬಾರದೆಂದುಕೊಂಡಿದ್ದಳು, ಹೇಳಿದಳು— ನಿನ್ನ ಹೇಣ್ತಿ ಅಡಿಗ್ಯಾಗ ಏನೋ ಹಾಕತಾಳ, ಆಕಿ ತಂದ ದಿವಸ ಅಷ್ಟ ಬೆಳ್ಳಗ ಬರತೈತಿ, ಡಾಕ್ಟರಿಗೆ ಹೇಳು, ಹೇಳಿದ್ರ ನಾಳಿ ಕೊಯ್ಯೂದಿಲ್ಲ. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಮುಖ ಮಾತ್ರ ಗೋಡೆಯಂತಾಯಿತು. ಆಮೇಲೆ ಪರದೆಯ ಕೆಳಗಿನಿಂದ ಎರಡು ಜೊತೆ ಕಾಲು ಕಂಡವು, ಅವನ ಬೂಟು, ಅವಳ ಚಪ್ಪಲಿ, ಬೂಟು ಮುಂದೆ ಬಂತು, ಚಪ್ಪಲಿ ಹಿಂದೆ ಸರಿಯಿತು, ಏನು ಮಾತಾಡಿದರೋ ಕೇಳಿಸಲಿಲ್ಲ, ಕೊನೆಗೆ ಸ್ನೇಹಲಳ ಒಂದೇ ಮಾತು ಮರಾಠಿಯಲ್ಲಿ, ಕೊಲ್ಹಾಪುರದ ಹುಡುಗಿ, ನೊಂದರೆ ತವರಿನ ಮಾತು ಬಾಯಿಗೆ ಬರುತ್ತದೆ, ನಾನು ಅವರ ಮುಂದೆ ನಿಂತು ಅಡಿಗೆ ಮಾಡಲೇನು ಎಂದಳು, ಖಾನಾಪುರದಲ್ಲಿ ಬಾಳಿದವಳಿಗೆ ಮರಾಠಿ ಬಾರದೆ ಇರುತ್ತದೆಯೇ. ಬೂಟು ಹೋಯಿತು. ಚಪ್ಪಲಿ ನಿಂತಲ್ಲೇ ನಿಂತಿತ್ತು, ಬಹಳ ಹೊತ್ತು. ತ್ರಿಶಲಾಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ, ಯಾಕೆ ಆಗಲಿಲ್ಲ, ಸೊಸೆ ಕೆಟ್ಟವಳಾದರೆ ಅವಳ ಕೊರಳು ಉಳಿಯುತ್ತದೆ, ಸೊಸೆ ಒಳ್ಳೆಯವಳಾದರೆ ನಾಳೆ ಬೆಳಿಗ್ಗೆ ಕತ್ತರಿ, ಇಂಥ ತಕ್ಕಡಿಯನ್ನು ಅವಳು ಅಂಗಡಿಯಲ್ಲಿ ಒಂದು ದಿನವೂ ಹಿಡಿದಿರಲಿಲ್ಲ, ಒಂದು ತಟ್ಟೆಯಲ್ಲಿ ತನ್ನ ಕೊರಳು ಇಟ್ಟುಕೊಂಡವಳು ತೂಗುವ ತೂಕ ಸರಿಯಿರುತ್ತದೆಯೇ— ಇರಲಿ, ಬಣ್ಣ ಸುಳ್ಳು ಹೇಳುವುದಿಲ್ಲ, ನೋಡು, ಅಗೋ, ಬಾಗಿನಲ್ಲಿ.

ಕಾಂತಾ ಬಂದಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು, ಖಾನಾಪುರದ ಬಸ್ಸು ತಡವಾಯಿತಂತೆ, ಕುಂಕುಮ ಬೆವರಿನಲ್ಲಿ ಇಳಿದಿದೆ, ಚೀಲ ಇಡುವ ಮೊದಲೇ ಅತ್ತಿಗೆಯ ಜೊತೆ ಮಾತು. ಏನ್ ವೈನಿ, ಮತ್ತ ಕೊಯ್ತಾರಂತ, ಇವರ ಮನಿ ಹಾಳಾಗ್ಲಿ, ಕುತಿಗಿ ಅಂದ್ರ ಇವರಿಗೆ ಸೌತಿಕಾಯಿ ಆಗೇದೇನು. ನಗಬಾರದು, ಹೊಲಿಗೆ ಎಳೆಯುತ್ತದೆ, ಆದರೂ ಕಾಂತಾ ಬಂದರೆ ಕೋಣೆಯಲ್ಲಿ ಗಾಳಿ ಬಂದ ಹಾಗೆ. ಅವಳು ಮನೆಯಲ್ಲೇ ಚಟ್ನಿ ಪುಡಿ ಕುಟ್ಟಿ ಅಂಗಡಿಗಳಿಗೆ ಹಾಕುವವಳು, ಬಂದಾಗಲೆಲ್ಲ ಒಂದು ಡಬ್ಬಿ ಇರುತ್ತದೆ, ಬೆಳ್ಳುಳ್ಳಿ ಹಾಕದ್ದು, ವೈನಿಗೆ ಎಂದೇ ಬೇರೆ ಕುಟ್ಟಿದ್ದು. ರಸ ಬಿಟ್ಟ ಮೇಲ ಬಾಯಿಗೆ ಏನರ ಬೇಕಲ್ಲ, ಶೇಂಗಾ ಏನ್ ರಸ ಅಲ್ಲ, ಮುನಿ ಮಾರಾಜರೂ ಬ್ಯಾಡ ಅನ್ನೂದಿಲ್ಲ, ಆದ್ರ ನಿಮ್ಮ ಸೊಸಿ ಮುಂದ ತೆಗೀಬ್ಯಾಡ್ರಿ, ಬಿಪಿ, ಖಾರ ಅಂತ ಸಾಲಿ ಹಚ್ಚತಾಳ— ಮಹಾಂತೇಶ ನಗರದ ಶಾಲೆಯಲ್ಲಿ ಸ್ನೇಹಲ ಟೀಚರು, ಕಾಂತಾಳ ಬಾಯಲ್ಲಿ ಅವಳ ಹೆಸರು ಟೀಚರಬಾಯಿ. ಮಗನಿಗೆ ಹೇಳಿದ್ದನ್ನೇ ತ್ರಿಶಲಾ ನಾದಿನಿಗೂ ಹೇಳಿದಳು, ಕಾಂತಾ ಬಾಯಿಗೆ ಸೆರಗು ಹಿಡಿದಳು, ಕಣ್ಣು ದೊಡ್ಡದಾದವು, ಆ ಕಣ್ಣಿನಲ್ಲಿ ಮರುಕದ ಜೊತೆ ಒಂದು ಹೊಳಪೂ ಇತ್ತು, ಅದನ್ನೂ ತ್ರಿಶಲಾ ನೋಡಿದಳು, ನೋಡಿ ಒಂದು ಕಡೆ ಇಟ್ಟುಕೊಂಡಳು, ಎಲ್ಲರ ಮೇಲೂ ಒಂದು ಕಣ್ಣು ಇರಬೇಕು. ಹಂಗಾದ್ರ ಹಿಡೀಬೇಕಲ್ಲ ವೈನಿ, ಮಾತಿಗೆ ಯಾರು ನಂಬತಾರ, ಎಂದಳು ಕಾಂತಾ, ಹಿಡಿಯುವುದು ಹೇಗೆಂದು ತ್ರಿಶಲಾಗೆ ಹೇಳಿಕೊಡಬೇಕೇ. ಸಂಜೆಯ ಊಟ ಸ್ನೇಹಲ ತಂದಿಟ್ಟಾಗಿದೆ, ಹೊತ್ತು ಮುಳುಗುವ ಮೊದಲು ಉಣ್ಣಬೇಕಾದದ್ದು, ಮುಳುಗಿದ ಮೇಲೆ ಅವಳು ನೀರನ್ನೂ ಮುಟ್ಟುವುದಿಲ್ಲ, ನಾಳೆ ಬೆಳಿಗ್ಗೆಯಂತೂ ಡಾಕ್ಟರೇ ಮುಟ್ಟಗೊಡುವುದಿಲ್ಲ. ಔಷಧ ಅಂಗಡಿಯ ಬಿಳಿ ಕಾಗದದ ಚೀಲ ಕಪಾಟಿನ ಮೇಲಿದೆ, ತೆಳ್ಳನೆಯದು, ಅದನ್ನು ಹರಿದು ಮಡಿಲಲ್ಲಿ ಹಾಸಿಕೊಂಡಳು. ಎಣ್ಣೆ ಇದ್ದರೆ ಕಾಗದ ಬಾಯಿ ಬಿಡುತ್ತದೆ, ಒದ್ದೆಯಾದರೆ ಒಣಗುತ್ತದೆ, ಎಣ್ಣೆಯಾದರೆ ಒಣಗುವುದಿಲ್ಲ, ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ, ಆ ಕಾಗದವನ್ನು ಗುರುಸಿದ್ದ ಡಾಕ್ಟರ ಕೈಗೆ ಕೊಟ್ಟರೆ ಸಾಕು, ಅವಳ ಕೊರಳು ಅವಳಿಗೆ ಉಳಿಯುತ್ತದೆ.

ಹೊಸ ಡಬ್ಬಿಯ ಮುಚ್ಚಳ ತೆಗೆದಳು, ಮೂಸಿದಳು, ಬರೀ ಬೆಂದ ಜೋಳದ ವಾಸನೆ, ಡಬ್ಬಿಯ ಮೂಲೆಯಲ್ಲಿ ಕೂಡ ತುಪ್ಪದ ಹಳೆಯ ಕಮಟು ಇಲ್ಲ, ಮನೆಯ ಡಬ್ಬಿಗಳಲ್ಲಿ ಎಷ್ಟು ತಿಕ್ಕಿದರೂ ಹೋಗದ ಆ ಕಮಟು— ಇಲ್ಲ. ರೊಟ್ಟಿ ಹರಿದು ಕಾಗದದ ಮೇಲಿಟ್ಟು ಅಂಗೈಯಿಂದ ಒತ್ತಿದಳು, ಎತ್ತಿದಳು, ಹಿಟ್ಟು ಉದುರಿತು, ಅಷ್ಟೇ. ಪಲ್ಲೆಯ ಒಂದು ಚೂರು, ಬೇಳೆಯ ಒಂದು ಚಮಚ, ಅನ್ನದ ನಾಲ್ಕು ಅಗುಳು, ಒಂದೊಂದಕ್ಕೂ ಕಾಗದದಲ್ಲಿ ಒಂದೊಂದು ಜಾಗ, ಕಾಂತಾ ಬಗ್ಗಿ ನೋಡುತ್ತಿದ್ದಾಳೆ, ಆರ್ಲಿ ವೈನಿ, ಸ್ವಲ್ಪ ಆರ್ಲಿ, ಅಷ್ಟರಾಗ ಬಾಯಿಗೆ ಇದನ್ನ ಹಚ್ಗೋರಿ, ಎಂದು ಚಟ್ನಿಯ ಡಬ್ಬಿ ತೆರೆದು ಮುಂದೆ ಹಿಡಿದಳು, ಹಸಿವೆಯಾಗಿತ್ತು, ರೊಟ್ಟಿಯ ಜೊತೆ ಒಂದು ಚಿಮಟಿ, ಇನ್ನೊಂದು ಚಿಮಟಿ, ಶೇಂಗಾದ ಸಿಹಿ, ಮೆಣಸಿನಕಾಯಿಯ ಉರಿ, ಈ ಆಸ್ಪತ್ರೆಯಲ್ಲಿ ನಾಲಿಗೆಗೆ ನಾಲಿಗೆ ಎನಿಸುವುದು ಇದೊಂದರಿಂದ, ಎಡಗೈಯಿಂದ ಕಾಗದ ಹಿಡಿದುಕೊಂಡೇ ಬಲಗೈಯ ಬೆರಳುಗಳನ್ನು ಅದರ ಅಂಚಿಗೆ ಒರೆಸಿದಳು. ಬೇಳೆಯ ಕಲೆ ಮೊದಲು ಆರಿತು. ಪಲ್ಲೆಯದು ಆಮೇಲೆ. ಅವಳು ಕಾಗದ ಎತ್ತಿ ಕಿಟಕಿಯ ಕಡೆ ಹಿಡಿದಳು, ಇಳಿಬಿಸಿಲು, ಕೆಂಪಗೆ, ರೊಟ್ಟಿಯ ಜಾಗ ಕಪ್ಪಗೆ ಮುಚ್ಚಿದ ಜಾಗ, ಅನ್ನದ್ದೂ, ಬೇಳೆಯದ್ದೂ, ಎಲ್ಲಿಯೂ ಬೆಳಕು ಹಾಯುತ್ತಿಲ್ಲ— ಅಂಚಿನಲ್ಲಿ ಮಾತ್ರ, ಅವಳ ಬೆರಳು ಒರೆಸಿದ ಅಂಚಿನಲ್ಲಿ, ಮೂರು ಗುಂಡನೆಯ ಕಿಟಕಿಗಳು, ಅವುಗಳೊಳಗಿನಿಂದ ಎದುರಿನ ಕಟ್ಟಡದ ನೀರಿನ ಟಾಕಿ ಕಾಣುತ್ತಿದೆ. ಕಾಗದ ತಿರುಗಿಸಿ ನೋಡಿದಳು. ಮತ್ತೆ ಹಿಡಿದಳು. ಟಾಕಿ ಕಾಣುತ್ತದೆ. ಏನ್ ವೈನಿ, ಸಿಕ್ತೇನು, ಕಾಂತಾ ಕೇಳುತ್ತಾಳೆ. ಒಳಕಲ್ಲಿನಲ್ಲಿ ಶೇಂಗಾ ಕುಟ್ಟುವಾಗ ಒನಕೆಯ ತುದಿ ಹೊಳೆಯುವುದನ್ನು ನೋಡದ ಹೆಂಗಸು ಯಾವಳು, ಒಂದಿಷ್ಟು ಹೆಚ್ಚು ಕುಟ್ಟಿದ್ರ ಎಣ್ಣಿ ಬಿಡಾಕ ಹತ್ತತೈತಿ ಎಂದು ಅವಳೇ ಎಷ್ಟು ಜನಕ್ಕೆ ಹೇಳಿಲ್ಲ, ಅಂಗಡಿಯಲ್ಲಿ ಶೇಂಗಾ ಎಣ್ಣೆಯ ಡಬ್ಬಿ ಎಡಕ್ಕೆ, ಶೇಂಗಾ ಬೀಜದ ಗೋಣಿ ಬಲಕ್ಕೆ, ನಡುವೆ ಅವಳು, ಎಡಕ್ಕಿದ್ದದ್ದು ರಸ, ಬಲಕ್ಕಿದ್ದದ್ದು ಕಾಳು, ಎಡದ್ದನ್ನು ಬಿಟ್ಟಳು, ಬಲದ್ದನ್ನು ತಿಂದಳು, ನಿಯಮಕ್ಕೆ ಭಂಗವಿಲ್ಲ, ಎಲ್ಲಿಯೂ ಭಂಗವಿಲ್ಲ. ಕಾಂತಾ ತಂದ ಸಾರಿನ ದಿನ ಚಟ್ನಿ ಬೇಕಾಗಲಿಲ್ಲ, ತಿಳಿಯಾಯಿತು. ಸೊಸೆಯ ಸಪ್ಪೆ ಊಟದ ದಿನ ಡಬ್ಬಿಗೆ ಕೈ ಹೋಯಿತು, ಬೆಳ್ಳಗಾಯಿತು. ಬಣ್ಣ ಸುಳ್ಳು ಹೇಳಿರಲಿಲ್ಲ. ಮೊದಲ ಸಲ ಬೆಳ್ಳಗೆ ಬಂದಾಗ, ಊಟದ ಪಥ್ಯ ತಿಳಿಸುವವರ ಹತ್ತಿರ ಕೂತು ಬಂದ ಸ್ನೇಹಲ ಇದೇ ಮಂಚದ ಪಕ್ಕ ನಿಂತು ಬೆರಳು ಮಡಚುತ್ತ ಹೇಳತೊಡಗಿದ್ದಳು, ತುಪ್ಪ, ಎಣ್ಣಿ, ಹಾಲು, ಮೊಸರು, ನಾಲ್ಕು ಬೆರಳು ಮಡಚಿ ಹೆಬ್ಬೆರಳಿಗೆ ಬಂದಿದ್ದಳು, ಅತ್ತಿ ಇನ್ನ— ಎನ್ನುವಷ್ಟರಲ್ಲಿ ತ್ರಿಶಲಾ ಕೈ ಎತ್ತಿ ತಡೆದಿದ್ದಳು, ರಸ ಬಿಡೂದು ನಂಗ ಕಲಸಬ್ಯಾಡವಾ, ನೀ ಹುಟ್ಟೂಕಿಂತ ಮೊದಲಿಂದ ಬಿಟಗೋತ ಬಂದೀನಿ. ಹೆಬ್ಬೆರಳು ಹಾಗೇ ನಿಂತಿತ್ತು ಗಾಳಿಯಲ್ಲಿ. ಆಮೇಲೆ ಅವಳು ಅದನ್ನು ಮಡಚಲಿಲ್ಲ, ಕೈ ಕೆಳಗೆ ಬಿಟ್ಟಳು.

ಕಾಗದವನ್ನು ಮುದುಡಿ ದಿಂಬಿನ ಕೆಳಗೆ ತುರುಕಿದಳು, ಯಾರು ನೋಡಿದರು, ಕಾಂತಾ ನೋಡಿದಳು, ಅರ್ಥವಾಗಿದೆ ಅವಳಿಗೆ, ಮುಖ ಇಳಿದಿದೆ, ಡಬ್ಬಿಗೆ ಮುಚ್ಚಳ ಹಾಕಿ ಚೀಲದೊಳಗೆ ತಳ್ಳಿದಳು, ವೈನಿ, ನಂಗ ಗೊತ್ತಿದ್ದಿಲ್ರಿ, ಪಾರ್ಶ್ವನಾಥನ ಆಣಿ, ಎಂದಳು, ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, ಹೇಳಬ್ಯಾಡ್ರಿ, ಡಾಕ್ಟರ ಮುಂದ ನನ್ನ ಹೆಸರು ತೆಗೀಬ್ಯಾಡ್ರಿ, ಟೀಚರಬಾಯಿ ಮುಂದಂತೂ ಬ್ಯಾಡ. ಹೇಳದಿದ್ದರೆ ಏನು, ನಾಳೆ ಕೊಯ್ಯುತ್ತಾರೆ, ನಾಳ ಕಟ್ಟುತ್ತಾರೆ, ಬಿಳುಪು ನಿಲ್ಲುತ್ತದೆ, ಸೊಸೆ ಹಾಕಿದಳೆಂಬ ಮಾತೂ ಮಗನ ಮನಸ್ಸಿನಲ್ಲಿ ನಿಲ್ಲುತ್ತದೆ, ಒಮ್ಮೆ ಗಡಿಗೆಯಲ್ಲಿ ಬಟಾಟೆ ಸಿಕ್ಕವನ ತುಪ್ಪವನ್ನು ಆಮೇಲೆ ಯಾರೂ ಕೊಳ್ಳಲಿಲ್ಲ, ಚೊಕ್ಕದ್ದು ತಂದರೂ ಕೊಳ್ಳಲಿಲ್ಲ. ಹೇಳಿದರೆ? ಅತ್ತೆಯೇ ಕದ್ದು ತಿಂದಳು ಎಂದಾರು, ಕದ್ದದ್ದಲ್ಲ, ಎದುರಿಗೇ ಇತ್ತು, ಯಾರೂ ಕೇಳಲಿಲ್ಲ, ಕೇಳಿದರೂ ಇಲ್ಲವೆನ್ನುತ್ತಿದ್ದಳು, ನಾಲ್ಕು ರಸದಲ್ಲಿ ಅದು ಬರುವುದಿಲ್ಲವಲ್ಲ. ಪರದೆ ಸರಿಯಿತು, ಡಾಕ್ಟರು, ಅವರ ಹಿಂದೆ ಪ್ರಮಿಳಾ, ಪ್ರಮಿಳಾಳ ಹಿಂದೆ ಕೆಲಸ ಮುಗಿಸಿ ಬಂದ ಅನೇಕಾಂತ, ಎಲ್ಲರಿಗಿಂತ ಹಿಂದೆ, ಪರದೆಗೆ ತಾಗಿ ಸ್ನೇಹಲ. ಹೊತ್ತು ಮುಳುಗಲು ಎರಡು ಬೆರಳು ಬಾಕಿ. ನಾಳಿ ಮೊದಲನೇದು ನಿಮ್ಮದ ಐತಮ್ಮ, ಎಂದರು ಡಾಕ್ಟರು, ಅನೇಕಾಂತ ಗಂಟಲು ಸರಿಮಾಡಿಕೊಂಡ, ಅವನು ಹೇಳಲಿದ್ದಾನೆ, ಅವಳು ಹೇಳಿಕೊಟ್ಟದ್ದನ್ನು ಈಗ ಇಲ್ಲಿ ಎಲ್ಲರೆದುರು ಹೇಳಲಿದ್ದಾನೆ, ಡಾಕ್ಟರ, ಒಂದು ಮಾತು, ಮನ್ಯಾಗಿನ ಊಟದಾಗ— ತ್ರಿಶಲಾ ದಿಂಬಿನ ಕೆಳಗಿನಿಂದ ಕಾಗದ ಎಳೆದು ಮುಂದೆ ಚಾಚಿದಳು. ದನಿ ಬರಲಿಲ್ಲ, ಮತ್ತೆ ಉಸಿರು ಎಳೆದುಕೊಂಡಳು, ಬಂತು. ಆಕಿ ಅಡಿಗ್ಯಾಗ ಏನೂ ಇಲ್ರಿ, ಶೇಂಗಾ ಚಟ್ನಿ, ನಾನ ತಿಂದೀನಿ, ಆಕಿ ಊಟ ತಂದ ದಿವಸ ಎಲ್ಲಾ ತಿಂದೀನಿ. ಕಾಂತಾ ಸೆರಗು ಬಾಯಿಗೆ ಒತ್ತಿಕೊಂಡಳು. ಡಾಕ್ಟರು ಕಾಗದವನ್ನು ದೀಪಕ್ಕೆ ಹಿಡಿದರು, ನೋಡಿದರು, ಬೈದಾರು ಎಂದುಕೊಂಡಳು, ಅವರು ಉಸಿರು ಬಿಟ್ಟು ಮಂಚದ ಅಂಚಿಗೆ ಕೂತರು, ಮೊದಲ ದಿನದ ಹಾಗೆ. ಶೇಂಗಾ ಅಂದ್ರ ಅರ್ಧ ಎಣ್ಣಿನ ಅಲ್ಲೇನಮ್ಮ, ಎಂದರು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ನಾಳಿ ಬ್ಯಾಡ, ಇವತ್ತಿಂದ ಬಾಯಿಗೆ ಆ ಪುಡಿ ಬಿಟ್ಟು ಏನೂ ಇಲ್ಲ, ನೋಡೂಣು, ತಿಳಿ ಆತಂದ್ರ ಕೊರಳು ಉಳೀತು, ಆಗಲಿಲ್ಲಂದ್ರ ತೆರೆಯೂದ ಸೈ. ಹೋದರು. ಅನೇಕಾಂತ ಹೆಲ್ಮೆಟ್ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ, ಹೆಂಡತಿಯ ಕಡೆ ನೋಡಿದ, ಅವಳು ನೋಡಲಿಲ್ಲ, ಅವನು ಸೋದರತ್ತೆಯನ್ನು ಬಸ್ಸಿಗೆ ಹತ್ತಿಸಿ ಬರುತ್ತೇನೆಂದು ಕಾಂತಾಳನ್ನು ಕರೆದುಕೊಂಡು ಹೊರಟ.

ಸ್ನೇಹಲ ಮಡಿಲಲ್ಲಿ ಉದುರಿದ ರೊಟ್ಟಿಯ ಚೂರುಗಳನ್ನು ಆಯ್ದಳು, ಒಂದೊಂದಾಗಿ, ಕಾಗದದ ಮೇಲೆ ಒತ್ತಿ ಚಪ್ಪಟೆಯಾದವು, ಏನು ನಡೆದಿತ್ತೆಂದು ಅವಳಿಗೆ ಹೇಳಬೇಕಾಗಿರಲಿಲ್ಲ, ಡಬ್ಬಿಯೊಳಗೆ ಹಾಕಿ ಮುಚ್ಚಿದಳು, ಹೊಸ ಡಬ್ಬಿ, ಕಮಟು ಇಲ್ಲದ ಡಬ್ಬಿ, ಮೊನ್ನೆ ಬೆಂಚಿನಲ್ಲಿ ಕೂತು ಮೂಸಿದ್ದೂ ಆ ಕಮಟು ಇಲ್ಲವೆಂದು ನೋಡಲಿಕ್ಕೇ. ಸಪ್ಪಗಿತ್ತಂದ್ರ ಉಪ್ಪರ ಕೇಳಬೇಕಿತ್ರಿ ಅತ್ತಿ, ಎಂದಳು, ಉಪ್ಪು ಬ್ಯಾಡ ಅಂದಿದ್ದಿಲ್ಲ ಯಾರೂ. ಸಿಟ್ಟು ಇತ್ತೇ ಆ ಮಾತಿನಲ್ಲಿ, ತ್ರಿಶಲಾ ಹುಡುಕಿದಳು, ಅಂಗೈ ಹಿಂಭಾಗಕ್ಕೆ ತಿಕ್ಕಿ ನೋಡಿದ ಹಾಗೆ ತಿಕ್ಕಿ ನೋಡಿದಳು, ಸಿಟ್ಟಿನ ಮೇಣ ಮೇಲೆ ನಿಲ್ಲಲಿಲ್ಲ, ಒಳಗೆ ಹೋಗಿದೆಯೋ, ಒಳಗೆ ಹೋದದ್ದು ಎಂದಾದರೂ ಹೊರಗೆ ಬಂದೀತೋ, ಇಷ್ಟು ಸುಮ್ಮನೆ ಯಾಕಿದ್ದಾಳೆ, ಇಷ್ಟು ಸುಮ್ಮನಿರುವವರನ್ನು ನಂಬುವುದು ಹೇಗೆ— ತಪ್ಪಾತವಾ ಎನ್ನಬೇಕು, ಎರಡು ಮಾತು, ದನಿ ಅಷ್ಟಕ್ಕೂ ಸಾಕು, ಬಾಯಿ ತೆರೆದಳು, ಬಂದದ್ದು ಗಾಳಿ, ಕೊರಳು ಕೈಕೊಟ್ಟಿತೋ ಮನಸ್ಸು ಕೈಕೊಟ್ಟಿತೋ ಅವಳಿಗೂ ತಿಳಿಯದು. ಕಿಟಕಿಯಲ್ಲಿ ಕೆಂಪು ಆರಿತು, ಹೊತ್ತು ಮುಳುಗಿತು, ಇನ್ನು ಬೆಳಗಿನವರೆಗೆ ಬಾಯಿಗೆ ಏನೂ ಇಲ್ಲ. ಸ್ನೇಹಲ ಸ್ಟೂಲು ಎಳೆದು ಹತ್ತಿರ ಕೂತಳು, ಅತ್ತೆಯ ಮುಖ ನೋಡಲು ಅಲ್ಲ, ನಳಿಗೆ ನೋಡಲು, ತ್ರಿಶಲಾಳೂ ಅತ್ತಲೇ ಕಣ್ಣು ಹಾಕಿದಳು, ಈಗ ತಿಂದ ಎರಡು ಚಿಮಟಿ ಇನ್ನೂ ಬರುವುದಿದೆ, ಹೊಟ್ಟೆಯಿಂದ ಎದೆಯ ಹಿಂದೆ ಹಾದು, ದಾರಕ್ಕಿಂತ ತೆಳ್ಳಗಿನ ಹಾದಿಯಲ್ಲಿ, ಬರುತ್ತದೆ, ಅದಾದ ಮೇಲೆ, ಅದಾದ ಮೇಲೆ ತಿಳಿಯಾದೀತೇ, ಆಗದಿದ್ದರೆ, ಆದರೆ— ಬಾಗಿನಲ್ಲಿ ಒಂದು ಹನಿ ಬಂದು ನಿಂತಿತು. ಬಿಳಿ. ಉಬ್ಬಿತು. ಜಾರಲಿಲ್ಲ. ಬಿಳಿಯ ಹನಿ, ನಿಂತಲ್ಲೇ.